ಸತ್ತ ಕುರಿ ಹೇಳೋ ಸಾಕ್ಷಿ

ನಮ್ಮ ಶಿರಾ-ಪಾವಗಡ ಸೀಮೆಯಲ್ಲಿ ಚೆನ್ನಾಗಿದ್ದ ಕುರಿ ಇದ್ದಕ್ಕಿದ್ದ ಹಾಗೆ ಸತ್ತುಬಿದ್ದರೆ ಮೂರು ಕಾರಣ ರೆಡಿ ಇರುತ್ತವೆ. ಹಾವು ಕಚ್ಚಿದೆ, ದೃಷ್ಟಿ ತಾಕಿದೆ, ಇಲ್ಲಾಂದ್ರೆ ಯಾರೋ ಮದ್ದು ಹಾಕಿದ್ದಾರೆ. ಮೊದಲೆರಡರಿಂದ ಊರಿಗೇನೂ ತೊಂದರೆಯಿಲ್ಲ, ಹಾವನ್ನ ಯಾರೂ ಪಂಚಾಯ್ತಿಗೆ ಕರೆಯೋದಿಲ್ಲ. ಮೂರನೆಯದು ಮಾತ್ರ ಅಪಾಯ. ಅದಕ್ಕೊಂದು ಹೆಸರು ಬೇಕಾಗುತ್ತೆ. ಆ ಹೆಸರು ಸಾಮಾನ್ಯವಾಗಿ ಪಕ್ಕದ ಹೊಲದವನದ್ದೇ ಆಗಿರುತ್ತೆ!

ಪಶುವೈದ್ಯ ಅಂದರೆ ಬದುಕಿರೋ ದನಕ್ಕೆ ಸೂಜಿ ಹಾಕೋನು ಅಂತ ನೀವೆಲ್ಲ ಅಂದುಕೊಂಡಿರಬಹುದು. ಆದರೆ ನನ್ನ ಕೆಲಸದಲ್ಲಿ ಸತ್ತ ಪ್ರಾಣಿಗಳ ಪಾಲೂ ದೊಡ್ಡದಿದೆ. ಅದರ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಊಟ ಮಾಡ್ತಾ ಓದೋರು ಆಮೇಲೆ ಬನ್ನಿ :-)

ಕೆಲವು ವರ್ಷದ ಹಿಂದಿನ ಮಾತು. ಮುಂಗಾರಿನ ಮೊದಲ ಮಳೆ ಬಿದ್ದ ವಾರ. ಅರವತ್ತು ಕುರಿ ಇದ್ದ ಒಬ್ಬರ ರೊಪ್ಪದಲ್ಲಿ ಬೆಳಗಾಗೋದರೊಳಗೆ ಮೂರು ಮರಿ ಸತ್ತಿದ್ದವು. ಎರಡು ದಿನ ಮುಂಚೆ ಪಕ್ಕದ ಹೊಲದವನು "ಇನ್ನೊಂದ್ ಸಲ ಕುರಿ ಬಂದ್ರೆ ಒಂದೂ ವಾಪಸ್ ಹೋಗಲ್ಲ" ಅಂತ ಕೂಗಾಡಿದ್ದ. ಇನ್ನೇನು ಬೇಕು? ಜನ ಸೇರಿದ್ದರು. ಕುರಿಯವರ ಮಗ ಆಗಲೇ ಬೈಕ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದ.

"ಸಾ, ಮದ್ದಾಕವ್ನೆ ಸಾ ಅವ್ನು. ನೀವು ಬರ್ಕೊಡಿ, ಟೇಷನ್‌ಗೆ ಹೋಗ್ತೀವಿ."

"ಬರ್ಕೊಡೋಣ ಇರಪ್ಪ. ಮೊದ್ಲು ಸತ್ತಿದ್ದು ಯಾವ್ ಮರಿ ಹೇಳು."

"ಚೆನ್ನಾಗಿದ್ದವೇ ಸಾ. ಹಬ್ಬಕ್ಕೆ ಮಾರೋಣ ಅಂತ ಜೋಳ ಹಾಕಿ ಮೇಯಿಸ್ತಿದ್ದ ಟಗರುಮರಿಗಳು."

ಈ ಉತ್ತರದಲ್ಲೇ ಅರ್ಧ ಕೇಸು ಬಿಚ್ಚಿಕೊಂಡಿತ್ತು. ಅದೇ ಹೊಲದ ಪಕ್ಕ ಮೇದ ಬಡಕಲು ಮುದಿ ಕುರಿಗಳು ಗಟ್ಟಿಮುಟ್ಟಾಗಿ ನಿಂತಿದ್ದವು. ವಿಷ ಹಾಕೋನು ಕೊಬ್ಬಿದ ಮರಿಗಳನ್ನೇ ಆರಿಸಿ ಹಾಕ್ತಾನಾ?

ಆದರೂ ಕತ್ತರಿ ಹಿಡಿಯೋ ಮುಂಚೆ ಒಂದು ಕೆಲಸ ಇರುತ್ತೆ. ಸತ್ತ ಪ್ರಾಣಿಯ ಮೂಗು, ಬಾಯಿ, ಗುದದ್ವಾರ ನೋಡಬೇಕು. ಅಲ್ಲಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ, ಅಂದರೆ ಆಂಥ್ರಾಕ್ಸ್ ಇರಬಹುದು. ಆಗ ಹೆಣ ಕೊಯ್ಯಲೇಬಾರದು. ಗಾಳಿ ತಾಗಿದರೆ ಆ ಬ್ಯಾಕ್ಟೀರಿಯಾ ಬೀಜಾಣುಗಳಾಗಿ ಮಣ್ಣಲ್ಲಿ ಹತ್ತಾರು ವರ್ಷ ಕೂತುಬಿಡುತ್ತೆ. ಕಿವಿಯಿಂದ ಒಂದು ಹನಿ ರಕ್ತ ಗಾಜಿನ ಮೇಲೆ ತಗೊಂಡು, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಕು. ಅವತ್ತು ಹಾಗೇನೂ ಕಾಣಲಿಲ್ಲ. ಎಲ್ಲರ ಮುಂದೇನೇ ಮರಿ ಕೊಯ್ದೆ.

ಗುಂಡಿಗೆಯ ಸುತ್ತಲ ಚೀಲದಲ್ಲಿ ಒಣಹುಲ್ಲಿನ ಬಣ್ಣದ ನೀರು ತುಂಬಿತ್ತು. ಕಿಡ್ನಿ ಮುಟ್ಟಿದರೆ ಕಲಸಿದ ಹಿಟ್ಟಿನ ಥರ ಮೆತ್ತಗಿತ್ತು. ಇದು ಕರುಳುಬೇನೆಯ ಗುರುತು. ಇಂಗ್ಲಿಷಿನಲ್ಲಿ ಎಂಟರೋಟಾಕ್ಸೀಮಿಯಾ ಅಂತಾರೆ. ಇದನ್ನು ತರೋ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಆರೋಗ್ಯವಾಗಿರೋ ಕುರಿಯ ಕರುಳಲ್ಲೂ ಸ್ವಲ್ಪ ಇರುತ್ತೆ. ಇದ್ದಕ್ಕಿದ್ದಂತೆ ಎಳೆ ಹುಲ್ಲು, ಕಾಳು ಜಾಸ್ತಿ ಸಿಕ್ಕಿದರೆ ಅದು ಕರುಳಲ್ಲಿ ವಿಪರೀತ ಬೆಳೆದು ವಿಷ ಬಿಡುತ್ತೆ. ಅದಕ್ಕೇ ಎಲ್ಲಕ್ಕಿಂತ ಚೆನ್ನಾಗಿ ತಿನ್ನೋ ಮರಿ ಮೊದಲು ಸಾಯುತ್ತೆ. ವಿಷ ಇದ್ದಿದ್ದು ನಿಜ, ಆದರೆ ತಯಾರಾಗಿದ್ದು ಮರಿಯ ಹೊಟ್ಟೆಯೊಳಗೇ!

ಒಂದು ಎಚ್ಚರಿಕೆ ಬೇಕು. ಬಿಸಿಲಲ್ಲಿ ಅರ್ಧ ದಿನ ಬಿದ್ದಿದ್ದ ಯಾವ ಕುರಿಯ ಕಿಡ್ನಿಯಾದರೂ ಮೆತ್ತಗಾಗುತ್ತೆ. ಹಾಗಾಗಿ ಕಣ್ಣನ್ನಷ್ಟೇ ನಂಬೋ ಹಾಗಿಲ್ಲ. ಕರುಳಿನ ದ್ರವಕ್ಕೆ ಕೆಲವು ಹನಿ ಕ್ಲೋರೋಫಾರ್ಮ್ ಹಾಕಿ, ಐಸ್ ಮೇಲಿಟ್ಟು ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯಕ್ಕೆ ಕಳಿಸಿದೆ. ಮದ್ದಿನ ಅನುಮಾನ ಇದ್ದದ್ದರಿಂದ ಹೊಟ್ಟೆಯಲ್ಲಿದ್ದ ಮೇವನ್ನೂ ಬೇರೆ ಡಬ್ಬಿಗೆ ಹಾಕಿ ಸೀಲ್ ಮಾಡಿಟ್ಟೆ. ಉಳಿದ ಮರಿಗಳಿಗೆ ಜೋಳ ನಿಲ್ಲಿಸಿ, ಲಸಿಕೆ ಹಾಕಿದ್ವಿ. ಆ ಲಸಿಕೆ ಮಳೆಗೆ ಮುಂಚೆಯೇ ಆಗಬೇಕಿತ್ತು. ಕೆಲವು ದಿನ ಬಿಟ್ಟು ಹೆಬ್ಬಾಳದ ರಿಪೋರ್ಟ್ ಬಂತು, ಕರುಳುಬೇನೆಯೇ.

ಆಮೇಲೆ ಆ ಎರಡು ಮನೆಯವರು ಒಂದಾದರು ಅಂತ ಬರೆದರೆ ಸುಳ್ಳಾಗುತ್ತೆ. ಬದುವಿನ ಜಗಳ ಈಗಲೂ ಇದೆ. ಆದರೆ ಯಾರೂ ಸ್ಟೇಷನ್ ಮೆಟ್ಟಿಲು ಹತ್ತಲಿಲ್ಲ, ಯಾರ ತಲೆಯೂ ಒಡೀಲಿಲ್ಲ.

ಹಾಗಂತ ಮೇವಿನಲ್ಲಿ ವಿಷ ಇರೋದೇ ಇಲ್ಲ ಅಂತಲ್ಲ. ಮಳೆ ಕೈಕೊಟ್ಟು ಬಾಡಿದ ಎಳೆ ಬಿಳಿಜೋಳದ ಪೈರಲ್ಲಿ ಸಯನೈಡ್ ಹುಟ್ಟುತ್ತೆ. ಅದನ್ನು ಮೇದ ದನ ಉಸಿರು ಕಟ್ಟಿ ಕೆಲವೇ ನಿಮಿಷದಲ್ಲಿ ಬೀಳಬಹುದು. ಅದರ ರಕ್ತ ಕಡುಗೆಂಪಾಗಿ ಹೊಳೆಯುತ್ತಿರುತ್ತೆ. ಅಲ್ಲೂ ಮೊದಲು ಬೈಸಿಕೊಳ್ಳೋನು ಹೊಲದವನೇ, ಪಾಪ.

ಗಾಯಕ್ಕೂ ಇದೇ ಲೆಕ್ಕ. "ಚಿರತೆ ಹಿಡೀತು" ಅಂತ ಸತ್ತ ಮೇಕೆ ತೋರಿಸ್ತಾರೆ. ಕಾಡುಪ್ರಾಣಿ ಕೊಂದಿದ್ದರೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಗುತ್ತೆ, ನಾಯಿ ಕೊಂದಿದ್ದರೆ ಅಲ್ಲಿಂದ ಇಲ್ಲ. ಹಲ್ಲಿನ ಗುರುತಿನ ಕೆಳಗೆ ಚರ್ಮ ಬಿಡಿಸಿ ನೋಡಬೇಕು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಕಚ್ಚಿದಾಗ ಮೇಕೆ ಬದುಕಿತ್ತು. ಚರ್ಮದಡಿ ಬೆಳ್ಳಗಿದ್ದರೆ ಅದು ಸತ್ತ ಮೇಲೆ ಯಾವುದೋ ಬಂದು ತಿಂದಿದ್ದು. ಚಿರತೆ ಸಾಮಾನ್ಯವಾಗಿ ಗಂಟಲಿಗೆ ಬಾಯಿ ಹಾಕುತ್ತೆ, ಬೀದಿನಾಯಿಗಳು ಹಿಂಗಾಲು, ತೊಡೆ ಅಂತ ಸಿಕ್ಕಸಿಕ್ಕಲ್ಲಿ ಹರೀತವೆ. ಬಡವರ ಮುಖ ನೋಡಿ "ಚಿರತೆ" ಅಂತ ಬರೆದುಬಿಡೋಣ ಅಂತ ಮನಸ್ಸಾಗೋದುಂಟು. ಆದರೆ ಅಂಥ ಒಂದು ಚೀಟಿ ಹೊರಗೆ ಬಂದರೆ ನಾಳೆ ನಿಜವಾಗಿ ಚಿರತೆಗೆ ಮೇಕೆ ಕಳೆದುಕೊಂಡವನನ್ನು ಯಾರೂ ನಂಬೋದಿಲ್ಲ.

ರೋಗದ ಸರಿಯಾದ ಹೆಸರು ತಿಳಿಯೋದು ಎಷ್ಟು ಮುಖ್ಯ ಅನ್ನೋದಕ್ಕೆ ಒಂದು ಹಳೇ ಉದಾಹರಣೆ. ಭಾರತದಲ್ಲಿ ಕುರಿ-ಮೇಕೆಗಳ ಪಿಪಿಆರ್ ರೋಗ ಗುರುತಾಗಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಅದಕ್ಕೆ ಮುಂಚೆ ಅಂಥ ಸಾವುಗಳನ್ನು ದನಗಳ ದೊಡ್ಡರೋಗದ ಲೆಕ್ಕಕ್ಕೆ ಬರೆದುಬಿಡೋ ಸಂಭವ ಇತ್ತು, ಎರಡೂ ನೋಡೋಕೆ ಒಂದೇ ಥರ. ಆ ದೊಡ್ಡರೋಗ 2011ರಲ್ಲಿ ಭೂಮಿಯಿಂದಲೇ ಹೋಯ್ತು ಅಂತ ಘೋಷಣೆಯಾಯ್ತು. ಪಿಪಿಆರ್ ಅನ್ನು 2030ರೊಳಗೆ ಓಡಿಸಬೇಕು ಅಂತ ಪ್ರಪಂಚ ಹೊರಟಿದೆ. ಹೆಸರು ಬೇರೆಯಾಗಿದ್ದಕ್ಕೇ ಅದಕ್ಕೆ ಬೇರೆ ಲಸಿಕೆಯೂ ಬಂತು.

ನನ್ನ ದೊಡ್ಡ ಶತ್ರು ಅಂದರೆ ಅವಸರ. ಕುರಿ ಸತ್ತ ಗಂಟೆಯೊಳಗೆ ಚರ್ಮ ಸುಲಿದು, ಬಾಡು ಅರ್ಧ ರೇಟಿಗೆ ಹಂಚಿಯಾಗಿರುತ್ತೆ. ಸಾವಿರಾರು ರೂಪಾಯಿ ಕಳೆದುಕೊಂಡವನ ಕಷ್ಟ ನನಗೂ ಅರ್ಥವಾಗುತ್ತೆ. ಆದರೆ ಆ ಬಾಡಿನ ಜೊತೆ ಸಾಕ್ಷಿಯೂ ಹೋಗುತ್ತೆ. ಅದು ನೆರಡಿಯಾಗಿದ್ದರೆ ಸುಲಿದವನ ಕೈಗೂ ಬರುತ್ತೆ.

ನಿಮ್ಮ ಊರಲ್ಲಿ, ನಿಮ್ಮ ನೆಂಟರ ಮನೆಯಲ್ಲಿ ಕುರಿ-ದನ ಇದ್ದರೆ ಇಷ್ಟು ಹೇಳಿ: ಕಾರಣ ಗೊತ್ತಿಲ್ಲದೆ ಸತ್ತರೆ ಕೊಯ್ಯಬೇಡಿ, ನೆರಳಲ್ಲಿಡಿ, ನಾಯಿ ಬಿಡಬೇಡಿ, ಅವತ್ತೇ ಫೋನ್ ಮಾಡಿ. ಸತ್ತಿದ್ದು ವಾಪಸ್ ಬರೋದಿಲ್ಲ. ಉಳಿದ ಐವತ್ತೇಳಕ್ಕೆ ಏನು ಮಾಡಬೇಕು ಅನ್ನೋದನ್ನ ಅದು ಹೇಳಿ ಹೋಗುತ್ತೆ.

ಅಂದಹಾಗೆ, ಮಳೆಗಾಲದಲ್ಲಿ ಮರಿಗಳು ಹೀಗೆ ಸಾಯೋದಕ್ಕೆ ನಿಮ್ಮ ಕಡೆ ಏನಂತಾರೆ? ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು ಇರುತ್ತೆ. ಗೊತ್ತಿದ್ದೋರು ದಯವಿಟ್ಟು ತಿಳಿಸಿ, ನನ್ನ ನೋಟ್‌ಬುಕ್ಕಿಗೆ ಸೇರಿಸ್ಕೋತೀನಿ.