ಕುದ್ರುವಿನಲ್ಲೊಂದು ಮನೆ

ನಿವೃತ್ತಿಯ ಬಳಿಕ ಎಲ್ಲಿ ನೆಲೆಸುವಿರಿ ಎಂದು ಹಳೆಯ ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ‘ಕುದ್ರುವಿನಲ್ಲಿ’ ಎನ್ನುತ್ತಿದ್ದೆ. ಅದು ವಿನೋದವೆಂದು ನೀವೆಲ್ಲ ನಕ್ಕಿರಬಹುದು. ನಾನು ಮಾತ್ರ ಮನಃಪೂರ್ವಕವಾಗಿಯೇ ಹೇಳಿದ್ದೆ.

ಘಟ್ಟದಿಂದಿಳಿದ ನದಿಗಳು ಕಡಲನ್ನು ಸೇರುವ ಮೊದಲು ನಿಧಾನಿಸಿ, ಹೊತ್ತು ತಂದ ಮರಳು ಮಣ್ಣುಗಳನ್ನು ಇಳಿಸುವುದರಿಂದ ಉಂಟಾದ ನಡುಗಡ್ಡೆಗಳೇ ನಮ್ಮ ಕುದ್ರುಗಳು. ನೇತ್ರಾವತಿಯಲ್ಲಿ ಪಾವೂರು ಉಳಿಯ, ಸ್ವರ್ಣಾ ನದಿಯಲ್ಲಿ ಕೆಮ್ಮಣ್ಣು ಬಳಿಯ ತಿಮ್ಮಣ್ಣಕುದ್ರು ನಿಮಗೆ ಪರಿಚಿತ. ನನ್ನ ಸೋದರತ್ತೆಯನ್ನು ಅಂಥದೊಂದು ಕುದ್ರುವಿಗೆ ಕೊಟ್ಟಿತ್ತು. ಮಿಜಾರಿನ ಮುರಕಲ್ಲಿನ ಆಳ ಬಾವಿಯಿಂದ ನೀರು ಸೇದಿ ಬೆಳೆದ ನನಗೆ, ಬಗ್ಗಿದರೆ ಕೊಡಪಾನ ಮುಳುಗುವ ಅತ್ತೆಯ ಬಾವಿ ಒಂದು ವಿಸ್ಮಯವಾಗಿತ್ತು.

2022ರ ಡಿಸೆಂಬರಿನಲ್ಲಿ, ಅತ್ತೆಯ ಊರಿಗೆ ಸಮೀಪದ ಕುದ್ರುವಿನಲ್ಲಿ ಹೆಂಚಿನ ಮನೆಯೊಂದು ಮಾರಾಟಕ್ಕಿದೆಯೆಂದು ತಿಳಿಯಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲಾಗದೆಂಬ ನಿರ್ಬಂಧ 2020ರ ಭೂಸುಧಾರಣಾ ತಿದ್ದುಪಡಿಯಿಂದ ತೊಲಗಿತ್ತು. ಪಹಣಿ ಸರಿಯಾಗಿತ್ತು. ಆದರೆ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಹಿನ್ನೀರಿನ ದ್ವೀಪಗಳಲ್ಲಿ ಉಬ್ಬರದ ಗೆರೆಯಿಂದ 20 ಮೀಟರ್ ಪಟ್ಟಿಯನ್ನು ನಿರ್ಬಂಧಿಸುತ್ತದೆ. ಅಂಗಳದಿಂದ ಹೊಳೆಯವರೆಗೆ ಹೆಜ್ಜೆ ಹಾಕಿ ಅಳೆದೆ. ಹದಿನೆಂಟು ಹೆಜ್ಜೆಗೆ ದಡ ಮುಗಿಯಿತು. ಮನೆಯೊಡತಿ ನೀರಿನಲ್ಲಿ ಮುಳುಗಿದ ತೆಂಗಿನ ಬೊಡ್ಡೆಯೊಂದನ್ನು ತೋರಿಸಿ, ‘ನಾನು ಮದುವೆಯಾಗಿ ಬಂದಾಗ ದನ ಕಟ್ಟುತ್ತಿದ್ದುದು ಅದರಾಚೆಗೆ’ ಎಂದರು.

ಆದರೂ ನನ್ನ ಆಸೆ ಕುಗ್ಗಲಿಲ್ಲ. ಮುಂಗಡದ ಮಾತೆತ್ತಿದಾಗ ಅವರೇ ತಡೆದರು: ‘ಮಾಸ್ಟ್ರೇ, ಅವಸರ ಬೇಡ. ಪಗ್ಗು ತಿಂಗಳಲ್ಲಿ ಒಮ್ಮೆ ಅಮ್ಮನವರನ್ನೂ ಕರೆದುಕೊಂಡು ಬನ್ನಿ.’

ಏಪ್ರಿಲ್ ಕೊನೆಗೆ ಇಬ್ಬರೂ ಹೋದೆವು. ಪದ್ಧತಿಯಂತೆ ಬೆಲ್ಲ, ನೀರು ತಂದಿಟ್ಟರು. ನೀರು ಉಪ್ಪಾಗಿತ್ತು. ಬೇಸಿಗೆಯಲ್ಲಿ ಹೊಳೆಯ ಹರಿವು ತಗ್ಗಿದಾಗ ಉಬ್ಬರದೊಡನೆ ಕಡಲು ಒಳನುಗ್ಗುತ್ತದೆ. ಮರಳು ತೆಗೆದು ಹೊಳೆಯ ತಳ ಆಳವಾದಷ್ಟೂ ಉಪ್ಪು ಇನ್ನೂ ಮೇಲಕ್ಕೇರುತ್ತದೆ. ಆ ತಾಯಿ ನಮಗೆ ಬೇಕೆಂದೇ ಬಾವಿಯ ನೀರನ್ನು ಕೊಟ್ಟಿದ್ದರು. ಅವರು ಕುಡಿಯುವ ನೀರು ದೋಣಿಯಲ್ಲಿ ಬರುತ್ತಿತ್ತು.

ಮರಳುವಾಗ ದೋಣಿ ನಡೆಸುತ್ತಿದ್ದ ತರುಣನನ್ನು, ‘ಮಳೆಗಾಲದ ರಾತ್ರಿ ಕಾಯಿಲೆಯಾದರೆ ಏನು ಮಾಡುವಿರಿ?’ ಎಂದು ಕೇಳಿದೆ. ನನ್ನಾಕೆಗೆ ಉಸಿರಾಟದ ತೊಂದರೆಯಿದೆ. ‘ಎಚ್ಚರವಿದ್ದವರು ದೋಣಿ ಬಿಡುತ್ತೇವೆ. ಪ್ರತಿ ಮನೆಯಲ್ಲೂ ಒಬ್ಬರಿಗಾದರೂ ಹುಟ್ಟು ಹಾಕಲು ಬರುತ್ತದೆ. ನಿಮ್ಮಲ್ಲಿ ಯಾರಿಗೆ ಬರುತ್ತದೆ?’ ಎಂದ.

ಮೂವತ್ತು ವರ್ಷ ಪ್ರಶ್ನೆ ಕೇಳಿದ ನನಗೆ ಈ ಒಂದು ಪ್ರಶ್ನೆಗೆ ಉತ್ತರವಿರಲಿಲ್ಲ. ಅಲ್ಲಿ ಮನೆ ಕೊಂಡವನು ನೆರೆಮನೆಯ ನಡುರಾತ್ರಿಯ ಕರೆಗೂ ಓಗೊಡಬೇಕು. ನಾನು ಕೊಳ್ಳಲು ಹೋದದ್ದು ಬಾಲ್ಯದ ಬಾವಿಯನ್ನು ಮಾತ್ರ.

ನಾವು ಮಿಜಾರಿನಲ್ಲಿಯೇ ಉಳಿದೆವು. ನಿಮ್ಮಲ್ಲಿ ಕೆಲವರು ಊರಿನ ಹೊಳೆಬದಿಯಲ್ಲಿ ಮನೆ ಹುಡುಕುತ್ತಿರುವಿರೆಂದು ಕೇಳಿದ್ದೇನೆ. ಅವಶ್ಯವಾಗಿ ಕೊಳ್ಳಿರಿ. ಮುಂಗಡ ಕೊಡುವ ಮೊದಲು ಪಗ್ಗುವಿನಲ್ಲಿ ಬಾವಿಯ ನೀರು ಕುಡಿಯಿರಿ. ಆಟಿಯ ಮಳೆಯಲ್ಲಿ ಒಂದು ರಾತ್ರಿ ಹೊಳೆ ದಾಟಿರಿ. ಮನೆ ಮಾರುವವರೇ ಹಾಗೆ ಹೇಳುವಷ್ಟು ಪುಣ್ಯ ಎಲ್ಲರಿಗೂ ಇರುವುದಿಲ್ಲ.