ಹಿತ್ತಾಳೆ ತಗಡಿನ ಗೂಡ್ಸ್ ಗಾಡಿ

ರೈಲಿನ ಬಗ್ಗೆ ಬರೆಯುವವರು ಇಂಜಿನ್ನಿನ ಬಗ್ಗೆ ಬರೆಯುತ್ತಾರೆ, ಕಿಟಕಿ ಪಕ್ಕದ ಸೀಟಿನ ಬಗ್ಗೆ ಬರೆಯುತ್ತಾರೆ, ಪ್ಲಾಟ್‌ಫಾರ್ಮಿನ ಚಹಾದ ಬಗ್ಗೆಯೂ ಪುಟಗಟ್ಟಲೆ ಬರೆಯುತ್ತಾರೆ. ಗೂಡ್ಸ್ ವ್ಯಾಗನ್ನಿಗೆ ಆ ಭಾಗ್ಯವಿಲ್ಲ. ಗೇಟು ಹಾಕಿದಾಗ ಡಬ್ಬಿ ಎಣಿಸುವ ಹುಡುಗರನ್ನು ಬಿಟ್ಟರೆ ಅದನ್ನು ಕಣ್ಣಿಟ್ಟು ನೋಡುವವರೂ ಕಡಿಮೆ.

ಹಾಗೆ ಎಣಿಸುತ್ತ ಬೆಳೆದು, ತಲೆ ನರೆತ ಮೇಲೂ ಆ ಚಾಳಿ ಬಿಡದವರೊಬ್ಬರು ಹೈದರಾಬಾದಿನ ಕಾಚಿಗುಡದಲ್ಲಿದ್ದಾರೆ. ಮನೆಯಲ್ಲಿ ಹೇಳುವ ಹಾಗೆ ಇಲ್ಲಿಯೂ ಯಜಮಾನರು ಎಂದರೆ ಸಾಕು. ಹುಟ್ಟಿದ್ದು ವಾಡಿಯಲ್ಲಿ, ಬ್ಯಾಂಕಿನ ನೌಕರಿ ಹೈದರಾಬಾದಿಗೆ ಕರೆತಂದಿತು. ನಿವೃತ್ತಿಯಾದ ಮೇಲೆ ಅಪಾರ್ಟ್‌ಮೆಂಟಿನ ಕಮಿಟಿ, ಷೇರು ಮಾರುಕಟ್ಟೆ ಯಾವುದಕ್ಕೂ ಸಿಗದೆ, ಹಿತ್ತಾಳೆ ತಗಡಿನಿಂದ ಬೆರಳುದ್ದದ ವ್ಯಾಗನ್ ಕಟ್ಟುತ್ತ ಕೂತುಬಿಟ್ಟರು.

ಈ ಹವ್ಯಾಸದ ತವರು ಇಂಗ್ಲೆಂಡ್. ಅಲ್ಲಿಂದ ಬರುವ ಕಿಟ್ ಬಿಚ್ಚಿದರೆ ಒಳಗೆ ವ್ಯಾಗನ್ನಿನ ಸುಳಿವೇ ಇರುವುದಿಲ್ಲ. ಅರ್ಧ ಮಿಲಿಮೀಟರೂ ದಪ್ಪವಿಲ್ಲದ ಒಂದು ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್ ಹಾಳೆ, ಅಷ್ಟೇ. ಪಕ್ಕದ ಗೋಡೆ, ಬಾಗಿಲು, ಚಾಸಿ, ಬ್ರೇಕಿನ ಸರಳು ಎಲ್ಲವೂ ಆ ಹಾಳೆಯ ಚೌಕಟ್ಟಿಗೆ ಸಣ್ಣ ಸಣ್ಣ ಎಸಳುಗಳಿಂದ ಅಂಟಿಕೊಂಡಿರುತ್ತವೆ. ಇವನ್ನು ಗರಗಸದಿಂದ ಯಾರೂ ಕೊಯ್ದದ್ದಲ್ಲ. ತಗಡಿನ ಎರಡೂ ಮೈಗೆ ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚಿ, ನಕ್ಷೆಯ ಫಿಲ್ಮ್ ಇಟ್ಟು ಬೆಳಕು ಬಿಟ್ಟು, ಗಟ್ಟಿಯಾಗದ ಲೇಪವನ್ನು ತೊಳೆದು, ಫೆರಿಕ್ ಕ್ಲೋರೈಡ್ ದ್ರಾವಣಕ್ಕೆ ಒಡ್ಡಿದರೆ ಬರಿಮೈ ಇದ್ದಲ್ಲೆಲ್ಲ ಲೋಹ ಕರಗುತ್ತದೆ. ಎರಡೂ ಕಡೆ ಬರಿಮೈ ಇದ್ದರೆ ಆರಪಾರ ತೂತು. ಒಂದೇ ಕಡೆ ಇದ್ದರೆ ಅರ್ಧ ಆಳದ ಗೀರು. ಮುಂದೆ ತಗಡನ್ನು ಮಡಿಸುವುದು ಆ ಗೀರಿನ ಮೇಲೆಯೇ, ಗೀರು ಮಡಿಕೆಯ ಒಳಗೆ ಬರುವ ಹಾಗೆ.

ಲೋಹಕ್ಕೆ ಆಮ್ಲದ ರುಚಿ ತೋರಿಸಿ ಚಿತ್ರ ಬಿಡಿಸುವುದು ಹಳೆಯ ವಿದ್ಯೆ. ಹದಿನೈದನೆಯ ಶತಮಾನದ ಯುರೋಪಿನಲ್ಲಿ ಯೋಧರ ಕವಚಗಳನ್ನು ಹೀಗೆ ಅಲಂಕರಿಸುತ್ತಿದ್ದರು. ಚಿತ್ರಕಾರರ ಮುದ್ರಣಫಲಕಗಳಿಗೆ ಅದು ಬಂದದ್ದು ಆಮೇಲೆ. ಕನ್ನಡದ ಓದುಗರಿಗೂ ಇದು ತೀರ ಅಪರಿಚಿತವಲ್ಲ. ಆಫ್‌ಸೆಟ್ ಬರುವ ಮುಂಚೆ ಪತ್ರಿಕೆಗಳ ಚಿತ್ರ, ಮದುವೆ ಕರೆಯೋಲೆಯ ಗಣಪತಿ ಎಲ್ಲ ಅಚ್ಚಾಗುತ್ತಿದ್ದದ್ದು ಬ್ಲಾಕಿನಿಂದ. ಸತುವಿನ ಲೈನ್ ಬ್ಲಾಕನ್ನು ನೈಟ್ರಿಕ್ ಆಮ್ಲ ತಿನ್ನುತ್ತಿತ್ತು, ತಾಮ್ರದ ಹಾಫ್‌ಟೋನನ್ನು ಇದೇ ಫೆರಿಕ್ ಕ್ಲೋರೈಡು. ಬ್ಲಾಕ್ ಮೇಕರುಗಳ ಕಸುಬು ಹೋಯಿತು. ದ್ರಾವಣ ಮಾತ್ರ ಎಲೆಕ್ಟ್ರಾನಿಕ್ಸ್ ಸರ್ಕಿಟ್ ಬೋರ್ಡಿನ ನೆಪದಲ್ಲಿ ಉಳಿದುಕೊಂಡಿತು. ಕಿಟ್ಟಿನಲ್ಲಿ ಸಿಗದ ತಗಡನ್ನು ಮನೆಯಲ್ಲೇ ತಿನ್ನಿಸುವ ಯಜಮಾನರು ಅದನ್ನು ತರುವುದೂ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಕೋಠಿಯ ಗುಜರಾತಿ ಗಲ್ಲಿಯ ಕಡೆಯಿಂದಲೇ. ಸ್ನಾನದ ಮನೆಯ ಬಿಳಿ ಟೈಲ್ಸಿನ ಮೇಲೆ ಅದರ ಕಂದು ಕಲೆ ಹೇಗೆ ಕೂರುತ್ತದೆ ಎಂಬ ವಿಷಯವನ್ನು ಆ ಮನೆಯಲ್ಲಿ ಎತ್ತದಿರುವುದು ಕ್ಷೇಮ.

ಹೈದರಾಬಾದಿನಲ್ಲಿ ಕೂತು ಲೋಹ, ರಸಾಯನ ಎಂದರೆ ಬೀದರ್ ನೆನಪಾಗದೆ ಹೋದೀತೆ? ಬಿದರಿಯ ಹೂಜಿ ಬಹುಪಾಲು ಸತು, ಜೊತೆಗೆ ಒಂದಿಷ್ಟು ತಾಮ್ರ. ಅದರ ಮೇಲೆ ಬಳ್ಳಿ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸಿ, ಅಲ್ಲಿನ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿಯಲ್ಲಿ ಉಜ್ಜಿದರೆ ಸತುವಿನ ಮೈ ಕಾಡಿಗೆ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಇರುತ್ತದೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅಲ್ಲಿ ಲೋಹದ ಜಾತಿಯೇ ನಿರ್ಧರಿಸುತ್ತದೆ, ಇಲ್ಲಿ ಲೇಪ. ಬಿದರಿಯದು ದೊಡ್ಡ ಕಲೆ, ವ್ಯಾಗನ್ ಕಿಟ್ಟಿನದು ಹುಚ್ಚು ಎಂದು ಬಂಧುಬಳಗದ ತೀರ್ಪು. ಯಜಮಾನರು ತಕರಾರು ತೆಗೆದಿಲ್ಲ.

ನಿಜವಾದ ಕೆಲಸ ಶುರುವಾಗುವುದು ರಿವೆಟ್ಟಿನಿಂದ. ಹಳೆಯ ವ್ಯಾಗನ್ನಿನ ಗೋಡೆಯ ತುಂಬ ರಿವೆಟ್ ತಲೆಗಳು. ತಗಡಿನ ಹಿಂಬದಿಯಲ್ಲಿ ಒಂದೊಂದಕ್ಕೂ ಒಂದು ಚುಕ್ಕಿಗುಳಿ ತಿನ್ನಿಸಿರುತ್ತಾರೆ. ಮೊಂಡು ಸೂಜಿಯನ್ನು ಅದರಲ್ಲಿಟ್ಟು ಹದವಾಗಿ ಒತ್ತಬೇಕು. ಮುಂಬದಿಯಲ್ಲಿ ಸಾಸಿವೆಗಿಂತ ಚಿಕ್ಕ ಉಬ್ಬು ಏಳುತ್ತದೆ. ಸಾಲು ಮುಗಿದ ಮೇಲೆ ತಗಡು ಬಾಗಿರುತ್ತದೆ, ಅದನ್ನು ಮತ್ತೆ ನೆಟ್ಟಗೆ ಮಾಡಬೇಕು. ಆಮೇಲೆ ಬೆಸುಗೆ. ದೊಡ್ಡ ಮಡಿಕೆಗಳಿಗೆ 183 ಡಿಗ್ರಿಗೆ ಕರಗುವ ತವರ-ಸೀಸ. ಮೆತು ಲೋಹದ ಎರಕದ ಬಫರಿಗೆ 70 ಡಿಗ್ರಿಯದು, ಇಲ್ಲದಿದ್ದರೆ ಬಫರೇ ಕರಗಿ ನೀರಾಗುತ್ತದೆ. ಒಂದು ಆಕ್ಸಲ್ ಗಟ್ಟಿಯಾಗಿ ಕೂತು, ಇನ್ನೊಂದು ಆಚೀಚೆ ತುಸು ತೂಗಬೇಕು. ಆಗ ಹಳಿ ಏರುಪೇರಾದರೂ ನಾಲ್ಕೂ ಗಾಲಿ ಅದನ್ನು ಕಚ್ಚಿ ನಿಲ್ಲುತ್ತವೆ.

“ಏನ್ರೀ, ಮನ್ಯಾಗ ಕಲಾಯಿ ಅಂಗಡಿ ಹಚ್ಚೀರೇನು?” ಎನ್ನುತ್ತಾರೆ ಮನೆಯಾಕೆ, ಹೊಗೆ ಅಡುಗೆಮನೆ ಮುಟ್ಟಿದಾಗ. ವ್ಯಾಗನ್ನಿನ ಅಡಿಗೆ ವ್ಯಾಕ್ಯೂಮ್ ಸಿಲಿಂಡರ್ ಕೂರಿಸುವುದನ್ನು ಕಂಡು, “ಬುಡಕ ಯಾರ್ ನೋಡ್ತಾರ್ರೀ ಅದನ್ನ?” ಎಂದದ್ದೂ ಉಂಟು. ಪ್ರಶ್ನೆ ನ್ಯಾಯವಾದದ್ದೇ. ಆದರೆ ವಾಡಿಯ ಯಾರ್ಡಿನ ಪಕ್ಕದಲ್ಲಿ ಆಡಿಕೊಂಡಿದ್ದ ಹುಡುಗನ ಎತ್ತರಕ್ಕೆ ವ್ಯಾಗನ್ನಿನಲ್ಲಿ ಮೊದಲು ಕಾಣುತ್ತಿದ್ದದ್ದು ಆ ಬುಡವೇ.

ಆ ವಾಡಿಯಿಂದಲೇ ಹೈದರಾಬಾದಿಗೆ ರೈಲು ಬಂದದ್ದು. ಮುಂಬಯಿ–ಮದರಾಸು ದಾರಿ ನಿಜಾಮರ ರಾಜಧಾನಿಯನ್ನು ಬದಿಗಿಟ್ಟು ಹೋಗಿತ್ತು. ಮೊದಲನೆಯ ಸಾಲಾರ್ ಜಂಗ್ ದಿವಾನರಾಗಿದ್ದಾಗ ವಾಡಿಯಿಂದ ಸಿಕಂದರಾಬಾದಿಗೆ, ಇನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಹೊಸ ಹಳಿ ಹಾಸಿದರು. 1874ರಲ್ಲಿ ಗಾಡಿ ಓಡಿತು. 1893ರಲ್ಲಿ ಲಾಲಾಗುಡದ ವರ್ಕ್‌ಶಾಪು, 1916ರಲ್ಲಿ ಗುಮ್ಮಟಗಳ ಕಾಚಿಗುಡ ನಿಲ್ದಾಣ. ಸಿಂಗರೇಣಿಯ ಕಲ್ಲಿದ್ದಲು, ಶಹಾಬಾದಿನ ಪರಸಿಕಲ್ಲು ಊರೂರು ಸೇರಿದ್ದು ಇಂಥ ನಾಲ್ಕು ಗಾಲಿಯ ಡಬ್ಬಿಗಳಲ್ಲಿ. 1951ರಲ್ಲಿ ನಿಜಾಮರ ರೈಲ್ವೆ ಕೇಂದ್ರ ರೈಲ್ವೆಗೆ ಸೇರಿತು, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿತು. ಈಗಿನ ಗೂಡ್ಸ್ ಗಾಡಿಯಲ್ಲಿ ಕೊನೆಯ ಬ್ರೇಕ್‌ವ್ಯಾನನ್ನು ಬಿಟ್ಟರೆ ನಾಲ್ಕು ಗಾಲಿಯದು ಕಣ್ಣಿಗೆ ಬೀಳುವುದಿಲ್ಲ. ಉಳಿದದ್ದೆಲ್ಲ ಎಂಟು ಗಾಲಿಯದು, ಉದಾಹರಣೆಗೆ ಉದ್ದುದ್ದ ಬಾಕ್ಸ್‌ಎನ್. ಅದು ವೆಲ್ಡಿಂಗ್ ಮಾಡಿದ್ದು, ಒತ್ತಲು ರಿವೆಟ್ಟೇ ಇಲ್ಲ. ಯಜಮಾನರ ಲೆಕ್ಕದಲ್ಲಿ ಅದು ವ್ಯಾಗನ್ನೇ ಅಲ್ಲ.

ಇಷ್ಟಾದರೂ ದೊಡ್ಡ ತಲೆನೋವು ಬೇರೆಯೇ ಇದೆ. ಒಂದು ಅಡಿಗೆ ನಾಲ್ಕು ಮಿಲಿಮೀಟರ್ ಎನ್ನುವ ಇಂಗ್ಲೆಂಡಿನ ಅಳತೆಯಲ್ಲಿ ಅಂಗಡಿಯಲ್ಲಿ ಸಿಗುವ ಹಳಿಯ ಅಗಲ 16.5 ಮಿಲಿಮೀಟರ್. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. ಅದೇ ಅಳತೆಗೆ ಇಳಿಸಿದರೆ 22 ಆಗಬೇಕು. ಸಿದ್ಧ ಹಳಿಯ ಮೇಲೆ ನಿಲ್ಲಿಸಿದರೆ ವಾಡಿಯ ಅಗಲ ಮೈಯ ವ್ಯಾಗನ್ ಒಂಟಿಕಾಲಿನ ಮೇಲೆ ನಿಂತಂತೆ ಕಾಣುತ್ತದೆ. ಬೇಡವೆಂದರೆ ಹಳಿಯನ್ನೂ ತಾವೇ ಬೆಸೆಯಬೇಕು, ಆಕ್ಸಲನ್ನೂ ಉದ್ದ ಮಾಡಿಸಬೇಕು. ಯಜಮಾನರು ಸಿಕಂದರಾಬಾದಿನ ರಾಣಿಗಂಜಿಗೆ ಹೋಗಿ ಲೇಥ್ ಅಂಗಡಿಯೊಂದರಲ್ಲಿ ಕಡ್ಡಿಯಷ್ಟು ಸಣ್ಣ ಆಕ್ಸಲಿನ ನಕ್ಷೆ ಬಿಚ್ಚಿದರು. ಯಾವ ಮಶೀನಿನ ಪಾರ್ಟು ಎಂದು ಕೇಳಿದ ಟರ್ನರ್. ಮಾಲುಗಾಡಿಯದು ಎಂದರು. ಆತ ನಕ್ಷೆಯನ್ನೊಮ್ಮೆ, ಇವರ ಮುಖವನ್ನೊಮ್ಮೆ ನೋಡಿ, ಎಷ್ಟು ಡಬ್ಬಿಗೆ ಬೇಕು ಎಂದು ರೇಟು ಮಾತಾಡಲು ಕೂತ.