ಮಣ್ಣೊಳಗಣ ಪರಿಮಳ

ಇಟಲಿ ದೇಶದ ವಾಯವ್ಯ ಮೂಲೆಯಲ್ಲಿ ಪಿಯೆಮೊಂತೆ ಎಂಬ ಪ್ರಾಂತವಿದೆ. ಬೆಟ್ಟದ ಅಡಿಯ ನಾಡು ಎಂಬುದೇ ಆ ಹೆಸರಿನ ಅರ್ಥ. ಪ್ರಾಂತದ ರಾಜಧಾನಿಯಾದ ತೊರೀನೊ ನಗರದಿಂದ ಆಗ್ನೇಯಕ್ಕೆ ಸುಮಾರು 60 ಕಿಲೋಮೀಟರು ಸಾಗಿದರೆ ತಾನಾರೊ ನದಿಯ ದಂಡೆಯ ಮೇಲೆ ಆಲ್ಬಾ ಎಂಬ ಪುಟ್ಟ ಪಟ್ಟಣ ಎದುರಾಗುತ್ತದೆ. ರೋಮನರ ಕಾಲದಿಂದಲೂ ಬಾಳಿಬಂದ ಊರು ಅದು. ಮಧ್ಯಯುಗದಲ್ಲಿ ಅಲ್ಲಿನ ಸಿರಿವಂತರು ಪೈಪೋಟಿಯಿಂದ ಕಟ್ಟಿಸಿದ ಇಟ್ಟಿಗೆಯ ಗೋಪುರಗಳಿಂದಾಗಿ ‘ನೂರು ಗೋಪುರಗಳ ನಗರ’ ಎಂಬ ಬಿರುದು ಅದಕ್ಕೆ ಸಂದಿದೆ. ಅವುಗಳಲ್ಲಿ ಇಂದು ತಲೆಯೆತ್ತಿ ನಿಂತಿರುವುವು ಕೆಲವೇ.

ಪಟ್ಟಣದ ಒಂದು ಕಡೆ ಲಾಂಗೆ ಗುಡ್ಡಗಳು. ನದಿಯಾಚೆ ರೊಎರೊ ಗುಡ್ಡಗಳು. ಬಾಚಣಿಗೆಯಿಂದ ಬಾಚಿದಂತೆ ಸಾಲುಸಾಲಾಗಿ ಇಳಿದುಬರುವ ದ್ರಾಕ್ಷಿಯ ತೋಟಗಳಿಗಾಗಿ ಈ ಸೀಮೆಯನ್ನು 2014ರಲ್ಲಿ ಯುನೆಸ್ಕೊ ಸಂಸ್ಥೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಕ್ಟೋಬರ್ ಬಂತೆಂದರೆ ಕಣಿವೆಗಳಲ್ಲಿ ಮಂಜು ಹಾಲಿನಂತೆ ತುಂಬಿಕೊಳ್ಳುತ್ತದೆ. ಗುಡ್ಡದ ನೆತ್ತಿಯ ಹಳ್ಳಿಗಳು, ಚರ್ಚಿನ ಗಂಟೆಗೋಪುರಗಳು ದ್ವೀಪಗಳಂತೆ ತೇಲುತ್ತವೆ. ಇಲ್ಲಿನ ಹೆಸರಾಂತ ನೆಬ್ಬಿಯೊಲೊ ದ್ರಾಕ್ಷಿಗೆ ಆ ಹೆಸರು ಬಂದುದೂ ಮಂಜಿನಿಂದಲೇ ಎಂದು ಜನ ಹೇಳುವುದುಂಟು.

ಆದರೆ ಆ ಋತುವಿನಲ್ಲಿ ಆಲ್ಬಾದ ಬೀದಿಗೆ ಕಾಲಿಟ್ಟ ಪ್ರವಾಸಿಯನ್ನು ಮೊದಲು ಎದುರುಗೊಳ್ಳುವುದು ನೋಟವಲ್ಲ, ವಾಸನೆ. ಬೆಳ್ಳುಳ್ಳಿ, ಜೇನು, ಒಣಹುಲ್ಲು, ಮಳೆಯಲ್ಲಿ ನೆನೆದ ಮಣ್ಣು ಎಲ್ಲವೂ ಒಟ್ಟಿಗೆ ಬೆರೆತಂತಹ ಗಂಧ ಅದು. ಕೆಲವರಿಗೆ ಅದು ಸ್ವರ್ಗಸುಖ. ಕೆಲವರು ಮೂಗು ಮುಚ್ಚಿಕೊಳ್ಳುವರು. ಇಲ್ಲಿನ ಬಿಳಿಯ ಟ್ರಫಲ್ ಎಂಬ ಅಣಬೆಯ ಪರಿಮಳ ಅದು. ನೋಡಲು ಸಣ್ಣ ಆಲೂಗೆಡ್ಡೆಯಂತೆ ಗಂಟುಗಂಟಾಗಿರುವ ಈ ವಸ್ತು ಕಿಲೋಗ್ರಾಮಿಗೆ ಹಲವು ಸಾವಿರ ಯೂರೋ ಬೆಲೆಗೆ ಮಾರಾಟವಾಗುತ್ತದೆಂದರೆ ಹೊಸಬರಿಗೆ ನಂಬಿಕೆ ಹುಟ್ಟುವುದು ಕಷ್ಟ. ಸಮೀಪದ ಗ್ರಿಂಜಾನೆ ಕಾವೂರ್ ಕೋಟೆಯಲ್ಲಿ 1999ರಿಂದ ಇದರ ಜಾಗತಿಕ ಹರಾಜು ನಡೆಯುತ್ತಿದೆ. ಇಟಲಿಯ ಏಕೀಕರಣಕ್ಕಾಗಿ ದುಡಿದ ಕಾವೂರ್ ತನ್ನ ತಾರುಣ್ಯದಲ್ಲಿ ಆ ಹಳ್ಳಿಯ ಪುರಪ್ರಮುಖನಾಗಿದ್ದನು.

ನಮ್ಮ ಕರಾವಳಿಯಲ್ಲಿ ಮುಂಗಾರಿನ ಮೊದಲ ಮಳೆಗೆ ಮಣ್ಣು ಕೆದಕಿ ಕಲ್ಲಣಬೆಯನ್ನು ಆಯ್ದವರಿಗೆ ಟ್ರಫಲಿನ ಬಾಳ್ವೆ ಸುಲಭವಾಗಿ ಅರ್ಥವಾದೀತು. ಎರಡೂ ಮರದ ಬೇರಿನೊಡನೆ ಕೊಡುಕೊಳೆಯ ಸಂಬಂಧ ಬೆಳೆಸಿಕೊಂಡು ಬದುಕುವಂಥವು. ಓಕ್, ಪಾಪ್ಲರ್, ವಿಲೋ, ಲಿಂಡನ್ ಮರಗಳ ಬೇರಿಗೆ ಅಂಟಿಕೊಂಡ ಟ್ರಫಲು ಮರಕ್ಕೆ ನೀರು, ಲವಣಗಳನ್ನು ಒದಗಿಸುತ್ತದೆ. ಮರವು ಪ್ರತಿಯಾಗಿ ಸಕ್ಕರೆಯನ್ನು ಕೊಡುತ್ತದೆ. ಆದರೆ ಟ್ರಫಲು ನೆಲದ ಮೇಲಕ್ಕೆ ತಲೆ ಹಾಕುವುದೇ ಇಲ್ಲ. ಬೀಜಕಣಗಳನ್ನು ಗಾಳಿಗೆ ತೂರುವ ಉಪಾಯ ಅದಕ್ಕಿಲ್ಲ. ಆದುದರಿಂದ ಹದವಾಗಿ ಬಲಿತಾಗ ಅದು ಗಂಧವನ್ನು ಹೊರಸೂಸಿ ಕಾಡಿನ ಪ್ರಾಣಿಗಳನ್ನು ಕರೆಯುತ್ತದೆ. ಅವು ಅಗೆದು ತಿಂದು ಬೀಜವನ್ನು ದೂರಕ್ಕೆ ಒಯ್ಯುತ್ತವೆ. ಆ ಕರೆ ಮನುಷ್ಯನ ಮೂಗಿಗೆ ಕೇಳಿಸದು. ಅದಕ್ಕಾಗಿ ಅವನು ನಾಯಿಯ ಮೊರೆ ಹೊಕ್ಕಿದ್ದಾನೆ.

ಹಿಂದೆ ಹಂದಿಯೂ ಈ ಕೆಲಸ ಮಾಡುತ್ತಿದ್ದುದುಂಟು. ಆದರೆ ಹಂದಿ ತಾನು ಕಂಡುದನ್ನು ತಾನೇ ತಿಂದು ಮುಗಿಸುವುದಲ್ಲದೆ, ಮೂತಿಯಿಂದ ನೆಲವನ್ನೆಲ್ಲ ಉತ್ತು ಬೇರನ್ನು ಹಾಳುಗೆಡವುತ್ತದೆ. 1985ರ ಇಟಲಿಯ ಕಾನೂನಿನಂತೆ ಟ್ರಫಲನ್ನು ಹುಡುಕಲು ತರಬೇತಾದ ನಾಯಿಯೇ ಬೇಕು. ಅಗೆದ ಗುಂಡಿಯನ್ನು ಮತ್ತೆ ಮುಚ್ಚಲೇಬೇಕು. ಹುಡುಕುವವನು ಪರೀಕ್ಷೆಗೆ ಕುಳಿತು ಪರವಾನಗಿ ಪಡೆದಿರಬೇಕು.

ಪಿಯೆಮೊಂತೆಯ ಆಡುಮಾತಿನಲ್ಲಿ ಈ ಬೇಟೆಗಾರನಿಗೆ ‘ತ್ರಿಫುಲಾವು’ ಎಂದೂ ಅವನ ನಾಯಿಗೆ ‘ತಬೂಯಿ’ ಎಂದೂ ಹೆಸರು. ತಬೂಯಿ ಎಂದರೆ ಕುಲಗೋತ್ರವಿಲ್ಲದ ಬೆರಕೆ ನಾಯಿ. ಸುರುಳಿಗೂದಲಿನ ಲಗೊತ್ತೊ ಎಂಬ ಜಾತಿಯೂ ಈ ಕೆಲಸಕ್ಕೆ ಪ್ರಸಿದ್ಧ. ಅದು ಮೊದಲು ರೊಮಾನ್ಯ ಸೀಮೆಯ ಜೌಗು ನೆಲಗಳಲ್ಲಿ, ಬೇಟೆಗಾರರು ಹೊಡೆದ ನೀರುಹಕ್ಕಿಗಳನ್ನು ಈಜಿ ತರುತ್ತಿದ್ದಿತು. ಜೌಗು ಬತ್ತಿಸಿ ಹೊಲ ಮಾಡಿದ ಮೇಲೆ ಕಸುಬು ಕಳೆದುಕೊಂಡ ಆ ನಾಯಿ ಗುಡ್ಡವೇರಿ ಟ್ರಫಲನ್ನು ಹಿಡಿಯಿತು. ಆದರೆ ಲಾಂಗೆಯ ಹಳಬರಿಗೆ ಜಾತಿಗಿಂತ ಮೂಗು ಮುಖ್ಯ.

ಆಲ್ಬಾಕ್ಕೆ ಹೊಂದಿಕೊಂಡಂತಿರುವ ರೊದ್ದಿ ಎಂಬ ಹಳ್ಳಿಯಲ್ಲಿ, ಗುಡ್ಡದ ಮೇಲಣ ಹಳೆಯ ಕೋಟೆಯ ನೆರಳಿನಲ್ಲಿ, ಒಂದು ವಿಚಿತ್ರ ವಿದ್ಯಾಪೀಠವು ಹೆಸರುವಾಸಿಯಾಗಿದೆ. ಅದು ನಾಯಿಗಳ ವಿಶ್ವವಿದ್ಯಾಲಯ! ‘ಬಾರೊತ್’ ಎಂದು ಜನ ಕರೆಯುತ್ತಿದ್ದ ಅಂತೋನಿಯೊ ಮೊಂಕಿಯೆರೊ ಎಂಬವನು 1880ರಲ್ಲಿ ಅದನ್ನು ಆರಂಭಿಸಿದನು. ಆ ವಿದ್ಯೆ ಅವನ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿತು.

ಈ ಸೀಮೆಯ ಪಾಠಕ್ರಮದಲ್ಲಿ ಬೆತ್ತಕ್ಕೆ ಸ್ಥಾನವಿಲ್ಲ. ಇರುವುದು ಆಟ ಮಾತ್ರ. ಕೆಲವು ತಿಂಗಳ ಮರಿಯ ಮುಂದೆ ಬಟ್ಟೆಯ ಉಂಡೆಯೊಂದನ್ನು ಎಸೆಯುತ್ತಾರೆ. ಅದು ಓಡಿಹೋಗಿ ಕಚ್ಚಿ ತಂದರೆ ಬೆನ್ನು ಸವರಿ ಒಂದು ಚೂರು ರೊಟ್ಟಿ ಕೊಡುತ್ತಾರೆ. ಮರುದಿನ ಆ ಉಂಡೆಗೆ ಗಾಟು ವಾಸನೆಯ ಚೀಸನ್ನೋ ಟ್ರಫಲಿನ ತುಣುಕನ್ನೋ ಸೇರಿಸಿ ಹುಲ್ಲಿನಲ್ಲಿ ಮರೆಮಾಡುತ್ತಾರೆ. ಈಗ ಕಣ್ಣು ಸೋಲುತ್ತದೆ. ಮೂಗು ಕೆಲಸಕ್ಕೆ ತೊಡಗುತ್ತದೆ. ಆಮೇಲೆ ತರಗೆಲೆಯ ಅಡಿಯಲ್ಲಿ, ಅನಂತರ ಒಂದಂಗುಲ ಮಣ್ಣಿನ ಕೆಳಗೆ, ಕೊನೆಗೆ ಗೇಣುದ್ದ ಆಳದಲ್ಲಿ ಅದು ಅಡಗುತ್ತದೆ. ಕಂಡುಹಿಡಿದುದನ್ನು ತಿನ್ನದೆ ಬಿಟ್ಟುಕೊಟ್ಟರೆ ಅದಕ್ಕಿಂತ ರುಚಿಯಾದುದು ಯಜಮಾನನ ಜೇಬಿನಿಂದ ಬರುತ್ತದೆಂಬ ನಂಬಿಕೆ ಮರಿಯಲ್ಲಿ ಬೇರೂರಬೇಕು. ಇಡೀ ವಿದ್ಯೆಯ ತಿರುಳು ಆ ನಂಬಿಕೆಯೇ. ಒಂದು ಸಲ ಮೋಸವಾದರೆ ನಾಯಿ ಅದನ್ನು ಸುಲಭವಾಗಿ ಮರೆಯದು.

ನಾಯಿಯ ಮೂಗಿನಲ್ಲಿ ಗಂಧವನ್ನು ಗ್ರಹಿಸುವ ಕೋಶಗಳು 20 ಕೋಟಿಗೂ ಮಿಗಿಲೆಂದು ಅಂದಾಜು. ಮನುಷ್ಯನಲ್ಲಿ ಸುಮಾರು 50ರಿಂದ 60 ಲಕ್ಷ ಮಾತ್ರ. ಒಳಗೆಳೆದ ಗಾಳಿಯಲ್ಲಿ ಒಂದು ಪಾಲು ಉಸಿರಾಟಕ್ಕೂ ಇನ್ನೊಂದು ಪಾಲು ಮೂಸುವುದಕ್ಕೂ ಬೇರೆಬೇರೆ ದಾರಿ ಹಿಡಿಯುತ್ತವೆ. ಹೊರಬಿಡುವ ಉಸಿರು ಮೂಗಿನ ಪಕ್ಕದ ಸೀಳುಗಳಿಂದ ಹೊರಟು, ಎದುರಿನ ಗಂಧವನ್ನು ಕದಡದೆ ಸರಿದುಹೋಗುತ್ತದೆ. ಇಂತಹ ಯಂತ್ರವನ್ನು ಹೊತ್ತು ಹುಟ್ಟಿದ ಪ್ರಾಣಿಗೆ ಮೂಸಲು ಅವಕಾಶವಿಲ್ಲದ ಬದುಕು ಎಂತಹುದು?

ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿದ್ದಾರೆ. ಶಾರ್ಲೊತ್ ದ್ಯುರಾಂತೊನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಇಬ್ಬರು ವಿದುಷಿಯರು 2019ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮನೆಗಳಲ್ಲಿ ಸಾಕಿದ 20 ನಾಯಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎರಡು ವಾರ ಅಡಗಿಸಿಟ್ಟ ತಿನಿಸನ್ನು ಮೂಸಿ ಹುಡುಕುವ ಆಟವನ್ನೂ, ಇನ್ನೊಂದಕ್ಕೆ ಯಜಮಾನನ ಮಗ್ಗುಲಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸವನ್ನೂ ಕೊಟ್ಟರು. ಒಂದು ಜಾಗದಲ್ಲಿಟ್ಟ ಬಟ್ಟಲಿನಲ್ಲಿ ತಿನಿಸು ಉಂಟು, ಇನ್ನೊಂದು ಜಾಗದ ಬಟ್ಟಲು ಬರಿದು ಎಂಬುದನ್ನು ನಾಯಿಗಳು ಕಲಿತಿದ್ದುವು. ಬಳಿಕ ಬಟ್ಟಲನ್ನು ಆ ಎರಡು ಜಾಗಗಳ ನಡುವೆ ಇಟ್ಟರು. ತಿನಿಸು ಇದೆಯೋ ಇಲ್ಲವೋ ಹೇಳುವಂತಿಲ್ಲ. ಮೂಸುವ ಆಟವಾಡಿದ ನಾಯಿಗಳು ಎರಡು ವಾರದ ಹಿಂದಿಗಿಂತ ಬೇಗನೆ ಅದರತ್ತ ಓಡಿದುವು. ಶಿಸ್ತಿನ ನಡಿಗೆ ಕಲಿತವುಗಳಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ತನ್ನ ಮೂಗಿನಿಂದ ತಾನೇ ಹುಡುಕಿ ಪಡೆಯುವ ಸ್ವಾತಂತ್ರ್ಯವು ನಾಯಿಯಲ್ಲಿಯೂ ಆಸೆಯನ್ನು ಚಿಗುರಿಸುತ್ತದೆಂದು ಇದರ ತಾತ್ಪರ್ಯ.

ಆಲ್ಬಾದ ಸುತ್ತ ಬೇಟೆ ಹೆಚ್ಚಾಗಿ ನಡೆಯುವುದು ಕತ್ತಲಲ್ಲಿ. ಒಳ್ಳೆಯ ಮರ ಎಲ್ಲಿದೆಯೆಂಬ ಗುಟ್ಟನ್ನು ಇನ್ನೊಬ್ಬರಿಗೆ ತಿಳಿಯಗೊಡದಿರುವುದು ಒಂದು ಕಾರಣ. ಇರುಳಿನ ಮೌನದಲ್ಲಿ ನಾಯಿಯ ಚಿತ್ತ ಚೆದುರದೆಂಬುದು ಮತ್ತೊಂದು. ಒಂದು ಕೈಯಲ್ಲಿ ದೀಪ, ಇನ್ನೊಂದರಲ್ಲಿ ಸಣ್ಣ ಗುದ್ದಲಿ ಹಿಡಿದ ಮುದುಕ ತಗ್ಗುದನಿಯಲ್ಲಿ ಪುಸಲಾಯಿಸುತ್ತ ನಡೆಯುತ್ತಾನೆ. ಮುಂದೆ ಹೋಗುತ್ತಿದ್ದ ನಾಯಿ ಥಟ್ಟನೆ ನಿಂತು, ಬಾಲ ಬೀಸಿ, ಒಂದೆಡೆ ಕೆರೆಯತೊಡಗುತ್ತದೆ. ಮುದುಕನು ಮಂಡಿಯೂರಿ, ಅದನ್ನು ಮೆಲ್ಲನೆ ಸರಿಸಿ, ಉಳಿದುದನ್ನು ತನ್ನ ಕೈಯಿಂದ ಬಿಡಿಸುತ್ತಾನೆ. ಮೊದಲು ನಾಯಿಗೆ ಅದರ ಪಾಲು ಕೊಟ್ಟು, ಬಳಿಕ ಗುಂಡಿ ಮುಚ್ಚುತ್ತಾನೆ. ಈ ವಿದ್ಯೆಯನ್ನು 2021ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯೆಂದು ಮನ್ನಿಸಿತು.

ಆದರೆ ಬಂಗಾರವಿದ್ದಲ್ಲಿ ಹಗೆಯೂ ಉಂಟು. ಪೈಪೋಟಿಗಾರನ ನಾಯಿಯನ್ನು ನೀಗಿಸಲು ಮಾಂಸದ ಉಂಡೆಯಲ್ಲಿ ವಿಷವಿಟ್ಟು ಕಾಡಿನಲ್ಲಿ ಎಸೆಯುವ ನೀಚರು ಇಟಲಿಯ ಟ್ರಫಲು ಸೀಮೆಗಳಲ್ಲಿ ಇದ್ದಾರೆ. ಮೂಸಿ ನೋಡು, ಸಿಕ್ಕಿದ್ದನ್ನು ನಂಬು ಎಂದು ಕಲಿಸಿದ ಆಟವೇ ಆಗ ನಾಯಿಗೆ ಮೃತ್ಯುವಾಗುತ್ತದೆ. ಎಷ್ಟೋ ಮಂದಿ ತಮ್ಮ ನಾಯಿಗೆ ಬಾಯಿಕುಕ್ಕೆ ಕಟ್ಟಿ ಕಾಡಿಗೆ ಕರೆದೊಯ್ಯುತ್ತಾರೆ. ಈ ಪಾಪಕ್ಕೆ ಮದ್ದೂ ಮೂಗಿನಲ್ಲೇ ಸಿಕ್ಕಿದೆ: ಇಟಲಿಯ ಕರಾಬಿನಿಯೇರಿ ಪಡೆಯ ಅರಣ್ಯ ವಿಭಾಗದಲ್ಲಿ ವಿಷದ ಉಂಡೆಯನ್ನು ಮುಟ್ಟದೆ, ಇದ್ದ ಜಾಗವನ್ನು ಮಾತ್ರ ತೋರಿಸಿ ಕೊಡುವ ನಾಯಿಗಳಿವೆ. ಅವು ಕಲಿತುದೂ ಅದೇ ಬಗೆಯ ಅಡಗಿಸಿ ಹುಡುಕಿಸುವ ಆಟದಿಂದಲೇ.

ಇನ್ನೊಂದು ಕಂಟಕ ಸದ್ದಿಲ್ಲದೆ ಬರುತ್ತಿದೆ. ದ್ರಾಕ್ಷಿಗೂ ಹೇಸಲ್ ಕಾಯಿಗೂ ಬೆಲೆ ಬಂದಂತೆ ಹಳೆಯ ಮರಗಳು ಉರುಳಿದುವು. ಬೇಸಗೆಗಳು ದೀರ್ಘವಾಗಿ ಮಣ್ಣಿನ ತಂಪು ಆರುತ್ತಿದೆ. ಟ್ರಫಲು ಕೊಡುವ ಮರವನ್ನು ಕಡಿಯದೆ ಉಳಿಸಿದವರಿಗೆ ಪ್ರಾಂತ ಸರ್ಕಾರವು ವರ್ಷಾಶನ ಕೊಡುತ್ತಿದೆ. ಮರ ಉಳಿದರೆ ಮಣ್ಣಿನಲ್ಲಿ ಗಂಧ ಉಳಿದೀತು. ಗಂಧ ಉಳಿದರೆ ನಾಯಿಗೆ ಕಸುಬು.

ಕಸುಬು ಮುಗಿದ ಮುದಿ ನಾಯಿಗಾದರೂ ಆಟ ಮುಗಿಯುವುದಿಲ್ಲ. ಗುಡ್ಡವೇರಲು ಕಾಲಿನಲ್ಲಿ ತ್ರಾಣವಿಲ್ಲದಿದ್ದರೇನು, ಅಂಗಳದ ಮೂಲೆಯಲ್ಲಿ ಸೌದೆಯ ರಾಶಿಯಿದೆ. ಅದರ ಸಂದಿನಲ್ಲಿ ಚೀಸಿನ ಸಿಪ್ಪೆಯೊಂದನ್ನು ಸಿಕ್ಕಿಸಿ ‘ಹುಡುಕು’ ಎಂದರೆ ಸಾಕು. ಪೊರೆ ಮುಸುಕಿದ ಕಣ್ಣಿನ ನಾಯಿ ಮೆಲ್ಲನೆ ಎದ್ದು, ಮೂಗನ್ನು ಗಾಳಿಗೆ ಒಡ್ಡಿ, ಮತ್ತೊಮ್ಮೆ ಮರಿಯಾಗುತ್ತದೆ.